ಲೈಬ್ರರಿ ಗಾಡಿಗೆ ಬಿಸಿ ಬಂದ ಗುರುವಾರ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡು ಸಾಲಿನ ಬರಹ. ಸಂಚಾರಿ ಗ್ರಂಥಾಲಯದ ಗಾಡಿಯಲ್ಲಿ, ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಸಲಹಾ ಪುಸ್ತಕವೊಂದಿದೆ. ಅದರಲ್ಲಿ ಯಾರೋ ದುಂಡಗೆ ಬರೆದಿದ್ದರು: 'ಗಾಡಿಯ ಹೊರಗಿಗಿಂತ ಒಳಗೇ ಚಳಿ ಹೆಚ್ಚು. ಇಲ್ಲಿ ಕೂತು ಓದುವುದು ಅಸಾಧ್ಯ.' ಸಲಹಾ ಪುಸ್ತಕ ತಿಂಗಳಿಗೊಮ್ಮೆ ಕೇಂದ್ರ ಕಚೇರಿಗೆ ಹೋಗಿ ಬರುವುದು ಪದ್ಧತಿ. ಹನ್ನೊಂದು ವರ್ಷದಿಂದ ಅದು ಹೋಗುತ್ತಿತ್ತು, ಬರುತ್ತಿತ್ತು. ಅಲ್ಲಿ ಯಾರಾದರೂ ಅದನ್ನು ಬಿಚ್ಚಿ ನೋಡಬಹುದು ಎಂಬ ಅನುಮಾನ ನಮ್ಮ ಲೈಬ್ರರಿ ಸಾರ್‌ಗೆ ಎಂದೂ ಬಂದಿರಲಿಲ್ಲ.

ಈ ಸಲ ಪುಸ್ತಕ ವಾಪಸು ಬಂದಾಗ ಜೊತೆಗೆ ಒಂದು ಪತ್ರವೂ ಇತ್ತು. 'ಗುರುವಾರ ಸಂಜೆ ನಾಲ್ಕಕ್ಕೆ ಉಪನಿರ್ದೇಶಕರು ನಿಮ್ಮ ವಾಹನವನ್ನು ಪರಿಶೀಲಿಸಲು ಬರುವವರಿದ್ದಾರೆ.' ಇಷ್ಟೇ. ಯಾಕೆ, ಏನು ಎಂದು ಬರೆಯುವ ಅಭ್ಯಾಸ ಆ ಕಚೇರಿಗೆ ಇಲ್ಲ.

ಲೈಬ್ರರಿ ಸಾರ್ ಎಂದರೆ ಆ ಗಾಡಿಯ ಗ್ರಂಥಪಾಲಕರು. ಡ್ರೈವರೂ ಅವರೇ, ಬೆಳಗ್ಗೆ ಕಸ ಗುಡಿಸುವವರೂ ಅವರೇ. ಪತ್ರವನ್ನು ಅವರು ಎರಡು ಸಲ ಓದಿದರು. ಹೋದ ತಿಂಗಳು ಪಕ್ಕದ ಮಾರ್ಗದ ಗಾಡಿಗೂ ಇಂಥದೇ ಪತ್ರ ಬಂದಿತ್ತು. ಉಪನಿರ್ದೇಶಕರು ನಾಲ್ಕಕ್ಕೆ ಬಂದರು, ನಾಲ್ಕೂಕಾಲಿಗೆ ಹೋದರು, ಮರುದಿನದಿಂದ ಗಾಡಿ ಶೆಡ್ಡಿನಲ್ಲಿ. ಅದನ್ನು ಓಡಿಸುತ್ತಿದ್ದಾತ ಈಗ ಕೇಂದ್ರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಹಳೆಯ ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುತ್ತಾನೆ. ಅಲ್ಲಿ ಕಿಟಕಿ ಇಲ್ಲ, ಮಾತಾಡಲು ಒಂದು ನರಪಿಳ್ಳೆ ಇಲ್ಲ, ಅಂಟಿನ ವಾಸನೆ ಮಾತ್ರ ಧಾರಾಳವಾಗಿದೆ. ನಮ್ಮ ಲೈಬ್ರರಿ ಸಾರ್ ಹತ್ತು ಬೀದಿಯ ಮುಖಗಳನ್ನು ವಾರಕ್ಕೊಮ್ಮೆ ನೋಡದಿದ್ದರೆ ಊಟ ಸೇರದ ಮನುಷ್ಯ. ನೆಲಮಾಳಿಗೆಗೆ ಹಾಕಿದರೆ ಒಂದು ವಾರ ಬದುಕುವುದೂ ಅನುಮಾನ.

ಗುರುವಾರ ಬೆಳಗ್ಗೆ ಅವರು ಬೂಟಿನ ದಾರ ಕಟ್ಟುತ್ತಿದ್ದಾಗ ಹೆಂಡತಿ ಎರಡನೆಯ ಸ್ವೆಟರನ್ನು ಮಡಿಲಿಗೆ ಹಾಕಿದರು. "ಆ ಹೀಟರ್ ಸರಿ ಮಾಡಿಸ್ರೀ ಅಂತ ಮೂರು ವರ್ಷದಿಂದ ಬಡ್ಕೋತಿದ್ದೀನಿ."

"ಅದು ಕೆಟ್ಟಿಲ್ಲ ಕಣೇ. ಸ್ವಲ್ಪ ಮಂದ, ಅಷ್ಟೆ."

"ನೀವೂ ಸ್ವಲ್ಪ ಮಂದ, ಅಷ್ಟೆ. ಅಣ್ಣಂಗೆ ಫೋನ್ ಮಾಡಿ ಕಳಿಸ್ತೀನಿ, ಇರಿ."

"ನಿಮ್ಮಣ್ಣ ಬೇಡ," ಎಂದರು ಲೈಬ್ರರಿ ಸಾರ್. ಆದರೆ ಹೆಂಡತಿ ಆಗಲೇ ಫೋನ್ ಕಿವಿಗೆ ಹಿಡಿದಿದ್ದರಿಂದ, ಆ ಕಡೆಗೆ ಕೇಳಿಸಬಾರದೆಂದು ಮೆಲ್ಲಗೆ ಅಂದರು. ಹೀಗಾಗಿ ಈ ಕಡೆಗೂ ಕೇಳಿಸಲಿಲ್ಲ.

ಗಾಡಿಗೆ ಇಪ್ಪತ್ತನಾಲ್ಕು ವರ್ಷ. ಹೀಟರಿನ ಗಾಳಿ ಬರಲು ಎರಡು ಕಿಂಡಿಗಳಿವೆ. ಒಂದರಿಂದ ಸದ್ದು ಮಾತ್ರ ಬರುತ್ತದೆ. ಇನ್ನೊಂದರಿಂದ, ಕನ್ನಡಕ ಒರೆಸುವಾಗ ನಾವು ಗಾಜಿನ ಮೇಲೆ ಹಾ ಎಂದು ಊದುತ್ತೇವಲ್ಲ, ಅಷ್ಟು ಬಿಸಿ ಬರುತ್ತದೆ. ನೀರೂ ಹೆಪ್ಪುಗಟ್ಟುವ ನಮ್ಮೂರ ಚಳಿಗಾಲದಲ್ಲಿ ಓದುಗರು ಒಳಗೆ ಬಂದು, ಕೈಗೆ ಸಿಕ್ಕ ಎರಡು ಪುಸ್ತಕ ಎತ್ತಿ, ತಾರೀಕಿನ ಮೊಹರು ಹಾಕಿಸಿಕೊಂಡು, ಅಂಗೈ ಉಜ್ಜುತ್ತ ಮನೆ ಸೇರುತ್ತಿದ್ದರು. ಗ್ಯಾರೇಜಿಗೆ ಬಿಡೋಣವೆಂದರೆ ಕಚೇರಿಯ ಮೂರು ಸಹಿ ಬೇಕು. ಮೂರನೆಯ ಸಹಿ ಉಪನಿರ್ದೇಶಕರದು.

ಗುರುವಾರ ಗಾಡಿ ನಿಲ್ಲುವುದು ಒಂದು ಚೌಕದ ಮೂಲೆಯಲ್ಲಿ, ನಿವೃತ್ತ ಗಣಿತ ಮೇಷ್ಟ್ರ ಮನೆಯ ಕಾಂಪೌಂಡಿಗೆ ಒರಗಿಕೊಂಡಂತೆ. ಎದುರಿಗೆ ಟೈಲರಮ್ಮನ ಅಂಗಡಿ. ಟೈಲರಮ್ಮ ಪತ್ತೇದಾರಿ ಕಾದಂಬರಿಗಳನ್ನು ಬಿಟ್ಟು ಬೇರೇನೂ ಓದಿದವರಲ್ಲ. ಹೀಗಾಗಿ ಜಗತ್ತಿನಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ, ಯಾರೋ ಮಾಡಿಸಿರುತ್ತಾರೆ ಎಂಬುದು ಅವರ ನಂಬಿಕೆ. ಒಂಬತ್ತೂವರೆಗೆ ಗಾಡಿ ಬಂದು ನಿಂತಿತೋ ಇಲ್ಲವೋ, ಕತ್ತಿನಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಒಳಗೆ ಬಂದರು.

"ಯಾಕ್ ಸಾರ್, ಮುಖ ಇಷ್ಟು ಸಪ್ಪಗಿದೆ?" ಎಂದು ಕೇಳಿದರು. ಅವರ ಕಣ್ಣು ಆಗಲೇ ಮೇಜಿನ ಮೇಲಿದ್ದ ಪತ್ರದ ಕೊನೆಯ ಸಾಲಿನಲ್ಲಿತ್ತು.

"ಏನಿಲ್ಲ."

"ನಾಲ್ಕು ಗಂಟೆಗೆ ಅಂತಿದೆಯಲ್ಲ."

ಲೈಬ್ರರಿ ಸಾರ್ ಎಲ್ಲ ಹೇಳಿಬಿಟ್ಟರು. ಟೈಲರಮ್ಮ ಸಲಹಾ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿ, "ಈ 'ಳ' ನೋಡಿ ಸಾರ್. ಬಾಲ ಎಷ್ಟು ದೂರ ಎಳೆದಿದ್ದಾರೆ. ಇದು ಮೇಷ್ಟ್ರ ಕೈಯೇ," ಎಂದರು. ಕಾಂಪೌಂಡಿನಾಚೆ ಬಿಸಿಲಿಗೆ ಕುರ್ಚಿ ಹಾಕಿಕೊಂಡಿದ್ದ ಮೇಷ್ಟ್ರಿಗೆ ಇದು ಕೇಳಿಸಿತು.

"ಹೌದು, ನಾನೇ ಬರೆದದ್ದು. ಬರೆದದ್ರಲ್ಲಿ ತಪ್ಪೇನಿದೆ ತೋರಿಸಿ," ಎಂದರು ಅಲ್ಲಿಂದಲೇ.

ತಪ್ಪೇನೂ ಇರಲಿಲ್ಲ. ಅದೇ ತೊಂದರೆ. ಲೈಬ್ರರಿ ಸಾರ್ ತಲೆ ಮೇಲೆ ಕೈ ಹೊತ್ತು ಕೂತರು. ಆಗ ಅವರಿಗೆ ಹೊಳೆಯಿತು: ತಾನು ಕೂತಿರುವುದು ಎರಡು ಸಾವಿರ ಪುಸ್ತಕಗಳ ನಡುವೆ, ಅದರಲ್ಲಿ ವಾಹನ ರಿಪೇರಿಯ ಕೈಪಿಡಿಯೂ ಒಂದಿದೆ. ಎದ್ದು ಹೋಗಿ ಕಪಾಟು ನೋಡಿದರು. ಆ ಜಾಗ ಖಾಲಿಯಿತ್ತು. ರಿಜಿಸ್ಟರ್ ನೋಡಿದರು. ಕೈಪಿಡಿಯನ್ನು ಒಯ್ದವರು ಮೇಷ್ಟ್ರು.

ಮೇಷ್ಟ್ರಿಗೆ ಕಾರಿಲ್ಲ, ಸ್ಕೂಟರಿಲ್ಲ, ಸೈಕಲ್ ಕೂಡ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಇಂಜಿನ್ನಿನ ವಿಚಾರ ನಾಲ್ಕು ಸಾಲು ಓದಿದರೆ ಒಳ್ಳೆ ನಿದ್ದೆ ಬರುತ್ತದೆಂದು ಒಯ್ದಿದ್ದರು. "ಮೇಷ್ಟ್ರೇ, ಆ ಕೈಪಿಡಿ ಒಂದು ದಿನದ ಮಟ್ಟಿಗೆ ಕೊಡ್ತೀರಾ?" ಎಂದು ಲೈಬ್ರರಿ ಸಾರ್ ಕಾಂಪೌಂಡಿನ ಮೇಲಿಂದ ಕೇಳಿದರು.

ಮೇಷ್ಟ್ರು ಪುಸ್ತಕ ಬಿಚ್ಚಿ ಮೊದಲ ಪುಟದ ಮೊಹರಿನ ಮೇಲೆ ಬೆರಳಿಟ್ಟರು. "ಅವಧಿ ಮುಂದಿನ ಗುರುವಾರದವರೆಗೆ ಇದೆ. ಅವಧಿಯೊಳಗೆ ಓದುಗನಿಂದ ಪುಸ್ತಕ ಕೇಳಬಾರದು ಅಂತ ನಿಮ್ಮ ನಿಯಮ. ನೀವೇ ಗೋಡೆಗೆ ಅಂಟಿಸಿದ್ದೀರಿ."

"ಇದು ನನ್ನ ಹೊಟ್ಟೆಪಾಡಿನ ಪ್ರಶ್ನೆ ಮೇಷ್ಟ್ರೇ."

ಮೇಷ್ಟ್ರು ಕೆಟ್ಟವರಲ್ಲ. "ಪುಸ್ತಕ ಕೊಡೋಕಾಗಲ್ಲ. ಗಟ್ಟಿಯಾಗಿ ಓದ್ತೀನಿ, ನೀವು ಮಾಡ್ತಾ ಹೋಗಿ. ಗಟ್ಟಿಯಾಗಿ ಓದಬಾರದು ಅಂತ ನಿಯಮ ಇರೋದು ಗಾಡಿ ಒಳಗೆ ಮಾತ್ರ," ಎಂದರು. ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಮುನ್ನುಡಿಯಿಂದ ಶುರುಮಾಡಿದರು.

"ಹೀಟರಿನ ಅಧ್ಯಾಯ ಇದ್ದರೆ ನೇರ ಅಲ್ಲಿಗೇ..."

"ನಡುವಿನಿಂದ ಓದೋ ಅಭ್ಯಾಸ ನನಗಿಲ್ಲ. ನನ್ನ ವಿದ್ಯಾರ್ಥಿಗಳಿಗೂ ಇರಲಿಲ್ಲ."

ಚಕ್ರದ ಹುಟ್ಟು, ಉಗಿಯಂತ್ರದ ಮಹಿಮೆ, ಪ್ರಕಾಶಕರ ಅರಿಕೆ ಎಲ್ಲ ಮುಗಿದು ಹೀಟರಿನ ಅಧ್ಯಾಯಕ್ಕೆ ಬರುವಾಗ ಹನ್ನೊಂದು ದಾಟಿತ್ತು. ವಿಷಯ ಮಾತ್ರ ಸರಳವಾಗಿತ್ತು. ಇಂಜಿನ್ನಿನ ಬಿಸಿಯನ್ನು ಹೊತ್ತು ತಿರುಗುವ ನೀರೇ ಒಂದು ಪುಟ್ಟ ಜಾಲರಿಯೊಳಗೆ ಹಾದುಹೋಗುತ್ತದೆ, ಫ್ಯಾನು ಆ ಜಾಲರಿಯ ಬಿಸಿಯನ್ನು ಒಳಕ್ಕೆ ಊದುತ್ತದೆ. ಮೊದಲು ನೀರು ಸಾಕಷ್ಟಿದೆಯೇ ನೋಡಬೇಕು. ಲೈಬ್ರರಿ ಸಾರ್ ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳಿಟ್ಟರು. ಬೆರಳಿಗೆ ನೀರು ತಗಲಲೇ ಇಲ್ಲ. ಹೋದ ವರ್ಷ ಡಬ್ಬಿಯಲ್ಲಿ ಉಳಿದಿದ್ದ ಹಸಿರು ಕೂಲಂಟ್ ದ್ರವಕ್ಕೆ ಟೈಲರಮ್ಮ ಇಸ್ತ್ರಿ ಪೆಟ್ಟಿಗೆಗೆಂದು ಇಟ್ಟುಕೊಂಡಿದ್ದ ಶುದ್ಧ ನೀರು ಬೆರೆಸಿ ತುಂಬಿದರು. ಇಂಜಿನ್ ಹತ್ತು ನಿಮಿಷ ಓಡಿತು. ಕಿಂಡಿಯಿಂದ ಬಂದದ್ದು ಅದೇ ಹಾ.

"ಮುಂದಿನ ಕಾರಣ, ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ," ಎಂದು ಓದಿದರು ಮೇಷ್ಟ್ರು. "ವಾಹನದ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಮುಚ್ಚಳ ತೆರೆದು ಇಂಜಿನ್ ಓಡಿಸಬೇಕು. ಗುಳ್ಳೆಗಳು ಹೊರಬರುತ್ತವೆ."

ಆ ಚೌಕದಲ್ಲಿ ಇಳಿಜಾರೆಂದರೆ ಪೀಠೋಪಕರಣದ ಅಂಗಡಿ ಹಿಂಭಾಗದಲ್ಲಿ ಸಾಮಾನು ಏರಿಸಲು ಮಾಡಿದ ಸಿಮೆಂಟಿನ ಏರು ಒಂದೇ. ಮೇಷ್ಟ್ರು ಕೈಪಿಡಿ ಎದೆಗವಚಿಕೊಂಡು ಗಾಡಿಯ ಹಿಂಬದಿಯ ಬೆಂಚಿನಲ್ಲಿ ಕೂತರು. ಏನೋ ಆಗಲಿದೆ ಎಂಬ ವಾಸನೆ ಹಿಡಿದು ಟೈಲರಮ್ಮನೂ ಹತ್ತಿದರು. ಲೈಬ್ರರಿ ಸಾರ್ ಗಾಡಿಯನ್ನು ಏರಿಗೆ ಹತ್ತಿಸಿದರು. ಮುಂದಿನ ಚಕ್ರಗಳು ಮೇಲೇರಿದವು, ಮೂತಿ ಆಕಾಶ ನೋಡಿತು. ಹಿಂದಿನಿಂದ ದಬದಬ ಎಂದು ಶುರುವಾದ ಸದ್ದು ಅರ್ಧ ನಿಮಿಷ ನಿಲ್ಲಲಿಲ್ಲ.

ಅವರು ಬ್ರೇಕು ಎಳೆದು ಓಡಿಬಂದು ನೋಡಿದರೆ ಕಪಾಟುಗಳು ಖಾಲಿ. ಎರಡು ಸಾವಿರ ಪುಸ್ತಕಗಳಲ್ಲಿ ಮುಕ್ಕಾಲು ಭಾಗ ಹಿಂಬದಿಯಲ್ಲಿ ರಾಶಿ ಬಿದ್ದಿದ್ದವು. ಟೈಲರಮ್ಮ ಸೊಂಟದವರೆಗೆ ಹೂತುಹೋಗಿದ್ದರು. ಮೇಷ್ಟ್ರದು ಕುತ್ತಿಗೆಯಿಂದ ಮೇಲೆ ಮತ್ತು ಕೈಪಿಡಿ ಹಿಡಿದ ಒಂದು ಕೈ ಮಾತ್ರ ಕಾಣುತ್ತಿತ್ತು.

"ಮುಂದಿನ ಸಾಲು," ಎಂದರು ಮೇಷ್ಟ್ರು ಶಾಂತವಾಗಿ. "ಇದಕ್ಕೆ ಮೊದಲು ವಾಹನದೊಳಗೆ ಸಡಿಲವಾದ ಸಾಮಾನು ಇರದಂತೆ ನೋಡಿಕೊಳ್ಳಿ."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಮೊದಲೇ ಬರೆದಿದ್ದರೆ ಮೊದಲೇ ಓದ್ತಿದ್ದೆ."

ಆದರೂ ಗುಳ್ಳೆ ಬಂದವು. ರೇಡಿಯೇಟರಿನ ಬಾಯಲ್ಲಿ ಗುಳುಕ್ ಗುಳುಕ್ ಎಂದು ಹತ್ತು ನಿಮಿಷ ಗಾಳಿ ಹೊರಬಿತ್ತು, ನೀರು ಇಳಿಯಿತು, ಮತ್ತೆ ತುಂಬಿದರು. ಕಿಂಡಿಗೆ ಕೈ ಹಿಡಿದಾಗ ಲೈಬ್ರರಿ ಸಾರ್‌ಗೆ ಹೋದ ಜೀವ ಬಂದಂತಾಯಿತು. ಉಗುರು ಬೆಚ್ಚಗಿನ ಗಾಳಿ. ಗಾಡಿಯನ್ನು ವಾಪಸು ಚೌಕಕ್ಕೆ ತಂದು ಪುಸ್ತಕ ಜೋಡಿಸಲು ಶುರುಮಾಡುವಷ್ಟರಲ್ಲಿ ಅದೂ ತಣ್ಣಗಾಯಿತು. ಜೊತೆಗೆ ಭಾವನೂ ಬಂದರು.

ಭಾವ ಅಂದರೆ ಹೆಂಡತಿಯ ಅಣ್ಣ. ಮೂವತ್ತು ವರ್ಷ ಲಾರಿ ಓಡಿಸಿ ಮನೆಯಲ್ಲಿ ಕೂತವರು. ಕೈಯಲ್ಲಿ ಸ್ಪ್ಯಾನರಿನ ಚೀಲ, ಬಾಯಲ್ಲಿ ಎಲ್ಲರಿಗೂ ಒಂದೊಂದು ಬುದ್ಧಿಮಾತು ಸದಾ ಸಿದ್ಧ. ತಂಗಿಯ ಗಂಡನ ಉದ್ಯೋಗ ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಗಾಡಿ ಓಡಿಸುವವನು ಗಾಡಿ ಓಡಿಸಬೇಕು, ಅದರಲ್ಲಿ ಪುಸ್ತಕ ಯಾಕೆ ಎಂಬುದು ಅವರ ಪ್ರಶ್ನೆ.

"ಪುಸ್ತಕ ಓದ್ಕೊಂಡು ಇಂಜಿನ್ ರಿಪೇರಿ ಮಾಡ್ತಿದ್ದೀಯೇನಪ್ಪಾ?" ಎಂದರು ಬಾನೆಟ್ಟಿನೊಳಗೆ ತಲೆ ಹಾಕುತ್ತ.

"ಓದಿ ಮಾಡಿದ್ದಕ್ಕೇ ಗಾಳಿ ಹೊರಗೆ ಬಂದದ್ದು," ಎಂದರು ಮೇಷ್ಟ್ರು.

"ಇವರ್ಯಾರು?"

"ಗಣಿತ," ಎಂದರು ಲೈಬ್ರರಿ ಸಾರ್. ಆ ಕ್ಷಣಕ್ಕೆ ಅವರಿಗೆ ಬೇರೆ ಪರಿಚಯ ಹೊಳೆಯಲಿಲ್ಲ.

ಭಾವ ಬಿಸಿ ತೋರಿಸುವ ಮುಳ್ಳನ್ನು ನೋಡಿದರು. ಅದು ಕೆಳಗಿನ ಗೆರೆಗೇ ಅಂಟಿಕೊಂಡು ಮಲಗಿತ್ತು. "ಇಂಜಿನ್ನೇ ಬಿಸಿ ಆಗ್ತಿಲ್ಲ, ಒಳಗೆ ಎಲ್ಲಿಂದ ಬರುತ್ತೆ? ಇಂಜಿನ್ ಬಿಸಿ ಆಗೋ ತನಕ ನೀರನ್ನ ತಡೆಯೋಕೆ ಥರ್ಮೋಸ್ಟಾಟ್ ಅಂತ ಇರುತ್ತೆ. ಅದು ತೆರ್ಕೊಂಡೇ ನಿಂತಿದೆ. ಹೊಸದು ತರೋಕೆ ಎರಡು ದಿನ ಬೇಕು. ಇವತ್ತಿಗೆ ರೇಡಿಯೇಟರ್ ಮುಂದೆ ಅರ್ಧಕ್ಕೆ ಒಂದು ರಟ್ಟು ಕಟ್ಟೋಣ. ಚಳಿಗಾಲ ಪೂರ್ತಿ ನಾವು ಲಾರಿಗೆ ಹಾಗೇ ಕಟ್ತಿದ್ವಿ."

ಮೇಷ್ಟ್ರು ಎರಡು ಪುಟ ಓದಿ ನೋಡಿ, "ಇಲ್ಲೂ ಹಾಗೇ ಇದೆ," ಎಂದು ಒಪ್ಪಿಕೊಂಡರು. ಸ್ವಲ್ಪ ಬೇಸರವಾದಂತೆ ಕಾಣುತ್ತಿತ್ತು.

ರಟ್ಟು ಎಲ್ಲಿ ಎಂದು ಲೈಬ್ರರಿ ಸಾರ್ ಹುಡುಕುವ ಮೊದಲೇ ಭಾವ ಗಾಡಿಯೊಳಗಿನ ದೊಡ್ಡ ರಟ್ಟಿನ ಫಲಕವನ್ನು ಕಿತ್ತು ತಂದು, ತಂತಿಯಿಂದ ರೇಡಿಯೇಟರಿನ ಮುಂದೆ ಬಿಗಿದರು. ಆಮೇಲೆ ನೋಡಿದರೆ ಗಾಡಿಯ ಮೂತಿಯ ಮೇಲೆ 'ದಯವಿಟ್ಟು ಮೌನವಾಗಿರಿ' ಎಂದು ಕೆಂಪು ಅಕ್ಷರ. ಅದರ ಹಿಂದೆ ಇಂಜಿನ್ ಗುರ್ರೆನ್ನುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ಓದಿ, ಮಾತು ನಿಲ್ಲಿಸಿ ಮುಂದೆ ಹೋದರು.

ಮುಳ್ಳು ಮೆಲ್ಲಗೆ ಎದ್ದಿತು. ಗಂಟೆ ಒಂದೂವರೆ. ಇಂಜಿನ್ ಬಿಸಿಯಾಗಿದೆ, ಕಿಂಡಿ ಮಾತ್ರ ಕೇಳಿಸಿಕೊಳ್ಳುತ್ತಿಲ್ಲ. "ಹಾಗಾದರೆ ಜಾಲರಿ ಕಟ್ಟಿಕೊಂಡಿದೆ," ಎಂದು ಭಾವ ಮತ್ತು ಮೇಷ್ಟ್ರು ಒಂದೇ ಬಾರಿಗೆ ಹೇಳಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕ್ಷಣದಿಂದ ಇಬ್ಬರಿಗೂ ಗಳಸ್ಯ ಕಂಠಸ್ಯವಾಗಿ, ಲೈಬ್ರರಿ ಸಾರ್ ತಮ್ಮ ಗಾಡಿಯ ರಿಪೇರಿಯಲ್ಲೇ ಹೊರಗಿನವರಾದರು.

ಇಂಜಿನ್ ಆರಲು ಬಿಟ್ಟು, ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಕಳಚಿದರು. ಮೇಷ್ಟ್ರ ಗಿಡಗಳಿಗೆ ನೀರು ಬಿಡುವ ರಬ್ಬರ್ ಪೈಪನ್ನು ಕಾಂಪೌಂಡಿನ ಮೇಲಿಂದ ಎಳೆದು ತಂದು, ನೀರು ಉಲ್ಟಾ ಹರಿಯುವಂತೆ ಒಂದಕ್ಕೆ ಸಿಕ್ಕಿಸಿದರು. ಇನ್ನೊಂದು ಪೈಪಿನ ಬಾಯಿ ಸರಿಯಾಗಿ ತೆರೆದಿದೆಯೇ ಎಂದು ಲೈಬ್ರರಿ ಸಾರ್ ಬಗ್ಗಿ ನೋಡುತ್ತಿದ್ದರು.

"ನಲ್ಲಿ ತಿರುಗಿಸಿ," ಎಂದರು ಭಾವ.

ಟೈಲರಮ್ಮ ತಿರುಗಿಸಿದರು. ಇಪ್ಪತ್ತನಾಲ್ಕು ವರ್ಷದ ತುಕ್ಕು, ಕೆಸರು, ಎಂಥದೋ ಕಂದು ಗಸಿ ಎಲ್ಲ ಒಟ್ಟಾಗಿ ಹೊರಬಂದು ಲೈಬ್ರರಿ ಸಾರ್ ಅವರ ಎರಡೂ ಸ್ವೆಟರುಗಳ ಮೇಲೆ, ಅಲ್ಲಿಂದ ಇಳಿದು ಪ್ಯಾಂಟಿನ ಮೇಲೆ, ಅಲ್ಲಿಂದ ಬೂಟಿನೊಳಗೆ ಸೇರಿತು. ಅವರು ಸದ್ದು ಮಾಡಲಿಲ್ಲ. ಎದುರಿಗೇ ಮೌನವಾಗಿರಿ ಎಂಬ ಫಲಕವಿತ್ತು.

"ಪೈಪಿನ ಎದುರು ನಿಲ್ಲಬಾರದು ಅಂತ ಮುಂದಿನ ಪುಟದಲ್ಲಿದೆ," ಎಂದರು ಮೇಷ್ಟ್ರು.

ತೊಳೆದ ನೀರು ತಿಳಿಯಾಗುವ ಹೊತ್ತಿಗೆ ಎರಡೂವರೆ. ಇನ್ನು ಉಳಿದದ್ದು ಗಾಳಿಯ ದಾರಿ. ಭಾವ ಕಿಂಡಿಯ ಮುಸುಕು ಬಿಚ್ಚಿ ಒಳಗೆ ಕೈ ಹಾಕಿ ಒಣಗಿದ ಎಲೆ, ಪುಟಗುರುತಿನ ಚೀಟಿಗಳು, ಎರಡು ಪೆನ್ಸಿಲ್, ಯಾರದೋ ಒಂಟಿ ಕೈಗವಸು ತೆಗೆದರು. ಪೈಪು ಜೋಡಿಸಿ, ನೀರು ತುಂಬಿ, ಮತ್ತೊಮ್ಮೆ ಏರಿಗೆ ಹತ್ತಿಸಿ ಗಾಳಿ ಬಿಡಿಸಿದರು. ಈ ಸಲ ಪುಸ್ತಕಗಳಿಗೆ ಟೈಲರಮ್ಮ ಅಳತೆ ಟೇಪನ್ನೂ ಅಂಗಡಿಯ ಲಾಡಿಗಳನ್ನೂ ಅಡ್ಡ ಕಟ್ಟಿದ್ದರು. ಇಳಿಸಿ ಚೌಕಕ್ಕೆ ತಂದಾಗ ಮೂರೂಕಾಲು. ಭಾವ ಬಿಸಿ ಹೆಚ್ಚು ಕಡಿಮೆ ಮಾಡುವ ಹಿಡಿಯನ್ನು ಮೂವತ್ತು ವರ್ಷದ ಲಾರಿಯ ಕೈಯಿಂದ ಎಳೆದರು. ಹಿಡಿ ಪೂರ್ತಿ ಬಿಸಿಯ ತುದಿಗೆ ಹೋಗಿ ಅಲ್ಲೇ ಮುರಿದು ಕೈಗೆ ಬಂತು. ಎರಡೂ ಕಿಂಡಿಗಳಿಂದ ಭರ್ರೆಂದು ಬಿಸಿಗಾಳಿ ನುಗ್ಗಿತು.

ಮೇಷ್ಟ್ರು ಮೊದಲು ಮಫ್ಲರ್ ತೆಗೆದರು, ಆಮೇಲೆ ಕೋಟು. "ಉಸಿರು ಕಟ್ಟಬಾರದು, ಚಾವಣಿಯ ಕಿಂಡಿ ತೆರೆದಿರಲಿ," ಎಂದರು ಭಾವ. ಟೈಲರಮ್ಮ ಅಂಗಡಿಯಲ್ಲಿ ಉಳಿದಿದ್ದ ಕೋಟಿನ ಒಳಪದರದ ತುಂಡುಗಳನ್ನು ಸೇರಿಸಿ ಹತ್ತೇ ನಿಮಿಷದಲ್ಲಿ ಒಂದು ದಪ್ಪ ಪರದೆ ಹೊಲಿದು ತಂದು ಬಾಗಿಲಿಗೆ ಇಳಿಬಿಟ್ಟರು. ಲೈಬ್ರರಿ ಸಾರ್‌ಗೆ ಈ ಜನರಿಗಾಗಿಯೇ ಅಲ್ಲವೇ ತಾನು ಈ ಗಾಡಿಯನ್ನು ಬಿಡಲೊಲ್ಲದೆ ಒದ್ದಾಡುತ್ತಿರುವುದು ಎನ್ನಿಸಿ, ಅವರು ಒದ್ದೆ ತೋಳಿನಿಂದಲೇ ಕಣ್ಣೊರೆಸಿಕೊಂಡರು. ಕಣ್ಣಿಗೆ ತುಕ್ಕು ಹೋಯಿತು.

ಸುದ್ದಿ ಬೀದಿಗೆ ಹಬ್ಬಲು ಎಷ್ಟು ಹೊತ್ತು ಬೇಕು? ಹತ್ತು ವರ್ಷದಲ್ಲಿ ಒಮ್ಮೆಯೂ ಗಾಡಿಯ ಮೆಟ್ಟಿಲು ಹತ್ತದವರೆಲ್ಲ ಬಂದರು. ಬೆಂಚು ತುಂಬಿತು, ನೆಲ ತುಂಬಿತು, ಡ್ರೈವರ್ ಸೀಟಿನಲ್ಲಿ ಇಬ್ಬರು ಅಜ್ಜಿಯರು ಕೂತರು. ಬರಿಗೈಲಿ ಕೂರುವುದು ಚೆನ್ನಾಗಿರುವುದಿಲ್ಲವೆಂದು ಎಲ್ಲರೂ ಒಂದೊಂದು ಪುಸ್ತಕ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಓದಲೂ ಶುರುಮಾಡಿದರು. ಲೈಬ್ರರಿ ಸಾರ್‌ಗೆ ಒಳಗೆ ಜಾಗವಿರಲಿಲ್ಲ. ಇದ್ದಿದ್ದರೂ ಆ ಬಟ್ಟೆಯಲ್ಲಿ ಅವರನ್ನು ಯಾರೂ ಪಕ್ಕಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ನಿಂತು ಹಲ್ಲು ಕಟಕಟಿಸುತ್ತ, ಜೀವ ಹಿಡಿ ಮಾಡಿಕೊಂಡು ಕಾದರು.

ನಾಲ್ಕಕ್ಕೆ ಸರಿಯಾಗಿ ಉಪನಿರ್ದೇಶಕರ ಕಾರು ಬಂತು. ಮಧ್ಯವಯಸ್ಸಿನ ಹೆಂಗಸು, ಉದ್ದ ಕೋಟು, ಚಳಿಗೆ ಕೆಂಪಾದ ಮೂಗು. ಫಲಕವನ್ನು ಓದಿದರು, ಲೈಬ್ರರಿ ಸಾರ್ ಅವರನ್ನು ಮೇಲಿನಿಂದ ಕೆಳಗೆ ನೋಡಿದರು, ಏನೂ ಕೇಳದೆ ಪರದೆ ಸರಿಸಿ ಒಳಗೆ ಹೋದರು. ಟೈಲರಮ್ಮ ಸರಿದು ಜಾಗ ಮಾಡಿಕೊಟ್ಟರು. ಮೇಡಂ ಮೊದಲು ಕೈಗವಸು ಬಿಚ್ಚಿದರು. ಆಮೇಲೆ ಕೋಟು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೂಟು. ಪುಸ್ತಕಗಳ ಸ್ಥಿತಿ ಹೇಗಿದೆ ನೋಡೋಣ ಎನ್ನುವಂತೆ ಪಕ್ಕದ ಕಪಾಟಿನಿಂದ ಒಂದು ದಪ್ಪ ಕಾದಂಬರಿ ಎಳೆದರು.

ನಾಲ್ಕೂಕಾಲು ಆಯಿತು. ನಾಲ್ಕೂವರೆ ಆಯಿತು. ಐದು. ಮೇಡಂ ಪುಟ ತಿರುಗಿಸುತ್ತಲೇ ಇದ್ದರು. ಕಿಟಕಿಯಿಂದ ಟೈಲರಮ್ಮ ಹೆಬ್ಬೆರಳೆತ್ತಿ ತೋರಿಸಿದರು. ಗೆದ್ದೆ ಎಂದುಕೊಂಡರು ಲೈಬ್ರರಿ ಸಾರ್. ಮೊಣಕಾಲಿನಿಂದ ಕೆಳಗೆ ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಆದರೂ ಗೆದ್ದೆ.

ಐದೂಕಾಲಿಗೆ ಮೇಡಂ ಬೆರಳನ್ನು ಪುಟದ ನಡುವೆ ಇಟ್ಟುಕೊಂಡೇ, "ಇವತ್ತಿನ ರಿಜಿಸ್ಟರ್ ಕೊಡಿ," ಎಂದರು.

ಲೈಬ್ರರಿ ಸಾರ್ ಪರದೆಯ ಸಂದಿಯಿಂದ ರಿಜಿಸ್ಟರ್ ಚಾಚಿದರು. ಮೇಡಂ ಅದನ್ನು ಬಿಚ್ಚಿದರು. ಮೇಲೆ ತಾರೀಕು. ಕೆಳಗೆ ಏನೂ ಇಲ್ಲ.

"ಬೆಳಗ್ಗಿಂದ ಒಂದು ಪುಸ್ತಕವೂ ಹೋಗಿಲ್ವಾ?"

"ಇಲ್ಲ ಮೇಡಂ," ಎಂದರು ಲೈಬ್ರರಿ ಸಾರ್ ಹೆಮ್ಮೆಯಿಂದ. "ಎಲ್ಲರೂ ಇಲ್ಲೇ ಕೂತು ಓದ್ತಿದ್ದಾರೆ."

ಮೇಡಂ ಹಿಂದಿನ ಪುಟ ತಿರುಗಿಸಿದರು. "ಹೋದ ಗುರುವಾರ ತೊಂಬತ್ತೆರಡು. ಅದರ ಹಿಂದಿನ ವಾರ ಎಂಬತ್ತೆಂಟು. ಚಳಿಗಾಲ ಬಂತು ಅಂದ್ರೆ ನಮ್ಮ ಎಲ್ಲ ಗಾಡಿಗಳಲ್ಲೂ ಪುಸ್ತಕ ಹೋಗೋದು ಕಮ್ಮಿ ಆಗುತ್ತೆ, ನಿಮ್ಮದ್ರಲ್ಲಿ ಮಾತ್ರ ಜಾಸ್ತಿ ಆಗುತ್ತೆ. ಮೂರು ವರ್ಷದಿಂದ ನೋಡ್ತಿದ್ದೀನಿ. ಅದೇನು ಗುಟ್ಟು ಅಂತ ತಿಳ್ಕೊಂಡು ಬೇರೆ ಗಾಡಿಯವರಿಗೂ ಹೇಳಿಕೊಡೋಣ ಅಂತ ಬಂದೆ."

ಲೈಬ್ರರಿ ಸಾರ್ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಉತ್ತರ ಕೊಟ್ಟರು. ಅವರಿಗೆ ಸತ್ಯವನ್ನು ಒಳಗಿಟ್ಟುಕೊಂಡು ಅಭ್ಯಾಸವಿಲ್ಲ.

"ಗುಟ್ಟೇನಿಲ್ಲ ಮೇಡಂ. ಇವತ್ತಿನವರೆಗೆ ಇಲ್ಲಿ ಹೀಟರ್ ಕೆಲಸ ಮಾಡ್ತಿರಲಿಲ್ಲ. ಎರಡು ನಿಮಿಷ ನಿಲ್ಲೋಕಾಗ್ತಿರಲಿಲ್ಲ. ಸಿಕ್ಕಿದ್ದನ್ನ ಎತ್ಕೊಂಡು ಮನೆಗೆ ಓಡ್ತಿದ್ವಿ."

ಮೇಡಂ ರಿಜಿಸ್ಟರನ್ನು ನೋಡಿದರು, ಭರ್ರೆನ್ನುವ ಕಿಂಡಿಯನ್ನು ನೋಡಿದರು, ನೆಲದ ಮೇಲೆ ಕಾಲು ಚಾಚಿ ಕೂತ ಬೀದಿಯನ್ನು ನೋಡಿದರು.

"ಅಷ್ಟೇನಾ," ಎಂದರು. "ನೋಡಿ, ನಾನು ಮೇಲಿನವರಿಗೆ ಕಳಿಸೋದು ಎಷ್ಟು ಪುಸ್ತಕ ಹೋಯ್ತು ಅನ್ನೋ ಲೆಕ್ಕ. ಎಷ್ಟು ಜನ ಬೆಚ್ಚಗೆ ಕೂತಿದ್ರು ಅನ್ನೋಕೆ ಅದರಲ್ಲಿ ಕಾಲಂ ಇಲ್ಲ. ಪುಸ್ತಕ ಹೋಗದ ಗಾಡಿನ ನಾನು ಶೆಡ್ಡಿಗೆ ಹಾಕಿಸ್ತೀನಿ. ನಿಮಗೆ ಗಾಡಿ ಬೇಕಾ, ಹೀಟರ್ ಬೇಕಾ?"

ಲೈಬ್ರರಿ ಸಾರ್ ಪರದೆಯ ಸಂದಿಯಿಂದ ಒಳಗೆ ನೋಡಿದರು. ಟೈಲರಮ್ಮ, ಮೇಷ್ಟ್ರು, ತಮ್ಮ ಸೀಟಿನಲ್ಲಿ ಒಬ್ಬರಿಗೊಬ್ಬರು ಒರಗಿ ಒಂದೇ ಪುಸ್ತಕ ಹಿಡಿದ ಇಬ್ಬರು ಅಜ್ಜಿಯರು. ಯಾರೂ ಅವರ ಕಣ್ಣಿಗೆ ಕಣ್ಣು ಕೊಡಲಿಲ್ಲ. ಎಲ್ಲರಿಗೂ ಹೀಟರ್ ಬೇಕಿತ್ತು.

"ಗಾಡಿ, ಮೇಡಂ."

"ಹಾಗಿದ್ರೆ ಹೀಟರ್ ಕಳಚಿ. ಬೇರೆ ಗಾಡಿಗಳಿಗೂ ಇದೇ ಆದೇಶ ಹೊರಡಿಸ್ತೀನಿ."

"ಅದಕ್ಕೇನಂತೆ, ಎರಡೇ ಪೈಪು," ಎಂದು ಭಾವ ಎದ್ದರು. ಜೋಡಿಸುವಾಗ ಇದ್ದ ಉತ್ಸಾಹವೇ ಈಗಲೂ ಇತ್ತು. "ಹತ್ತು ನಿಮಿಷದ ಕೆಲಸ."

"ಈಗಲೇ ಬೇಡ," ಎಂದರು ಮೇಡಂ, ಕಾಲನ್ನು ಕಿಂಡಿಯ ಕಡೆಗೆ ಇನ್ನಷ್ಟು ಚಾಚಿ. "ಈ ಅಧ್ಯಾಯ ಮುಗೀಲಿ."

ಲೈಬ್ರರಿ ಸಾರ್ ಅವರ ಒದ್ದೆ ಪ್ಯಾಂಟು ಅಷ್ಟು ಹೊತ್ತಿಗೆ ಹೆಪ್ಪುಗಟ್ಟಿ ಹಲಗೆಯಂತಾಗಿತ್ತು. ಅವರಿಗೆ ಕೊನೆಯ ಆಸೆಯೊಂದು ಚಿಗುರಿತು. "ಮನೆಗೆ ಒಯ್ದು ನಿಧಾನವಾಗಿ ಓದಿ ಮೇಡಂ. ಮೊಹರು ಹಾಕಿಕೊಡ್ತೀನಿ. ಇವತ್ತಿನ ಲೆಕ್ಕಕ್ಕೆ ಒಂದಾದ್ರೂ ಆಗುತ್ತೆ."

"ಬೇಡಪ್ಪ. ನಮ್ಮನೆಯಲ್ಲಿ ಇಷ್ಟು ಬೆಚ್ಚಗಿರಲ್ಲ."

"ಇನ್ನೂ ಎಷ್ಟು ಪುಟ ಇದೆ ಮೇಡಂ?"

ಮೇಡಂ ಮುಂದಿನ ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರ ಬಿಟ್ಟು ನೋಡಿದರು. "ಇದಾದ್ಮೇಲೆ ಇನ್ನು ನಾಲ್ಕು ಅಧ್ಯಾಯ. ಅದನ್ನೂ ನೋಡಿಬಿಡ್ತೀನಿ," ಎಂದು ಮತ್ತೆ ಪುಸ್ತಕಕ್ಕೆ ತಲೆ ಬಾಗಿಸಿದರು. ಒಂದು ಸಾಲು ಓದಿ, ತಲೆ ಎತ್ತದೆಯೇ ಹೇಳಿದರು: "ಆ ಬಾಗಿಲು ಸ್ವಲ್ಪ ಹಾಕ್ಕೊಳ್ಳಿ. ಚಳಿ ಒಳಗೆ ಬರ್ತಿದೆ."

ಲೈಬ್ರರಿ ಸಾರ್ ಹಾಕಿಕೊಂಡರು. ಹೊರಗಿನಿಂದ.